ಚೀಲದ ತೂಕ

ನಿವೃತ್ತಿಯ ಸನ್ಮಾನಕ್ಕೆ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಬನ್ನಿ ಎಂದು ಪ್ರಿನ್ಸಿಪಾಲರಾದ ಪ್ರೇಮಕುಮಾರಿ ಮೇಡಂ ಫೋನಿನಲ್ಲಿ ಹೇಳಿದ್ದರಿಂದಲೇ ದೇವೇಂದ್ರ ಬೆಳಿಗ್ಗೆ ಎದ್ದವನೇ ಮೊಣಕಾಲಿನ ಹತ್ತಿರ ತೇಪೆ ಬಿದ್ದ ಹಳೆಯ ನೀಲಿ ಟ್ರ್ಯಾಕ್ ಪ್ಯಾಂಟು ಏರಿಸಿಕೊಂಡ. ಹೆಂಡತಿ ತಾನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದ ಪಂಚೆಯನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋದಳು. ಇಪ್ಪತ್ತೆಂಟು ವರ್ಷ ಇದೇ ವೇಷದಲ್ಲಿ ದುಡಿದಿದ್ದೇನೆ, ಬೇಕಾದರೆ ಇದರ ಮೇಲೇ ಶಾಲು ಹೊದಿಸಲಿ, ಬೇಡವಾದರೆ ಬಿಡಲಿ ಎಂದು ಅವನು ಕನ್ನಡಿಯ ಮುಂದೆ ನಿಂತು, ಅಲ್ಲಿಲ್ಲದ ಯಾರ ಜೊತೆಗೋ ಜಗಳ ತೆಗೆದ. ಕನ್ನಡಿಯಲ್ಲಿ ಕಂಡಿದ್ದು ಕುಸ್ತಿಯಲ್ಲಿ ಮುರುಟಿ ಗಂಟಾದ ಬಲಗಿವಿ, ಬೆಳ್ಳಗಾದ ಮೀಸೆ, ಅರವತ್ತಾದರೂ ಬಾಗದ ಕತ್ತು. ಆ ಕತ್ತಿನ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಟೇಬಲ್ಲಿನ ಮೇಲಿದ್ದ ಆಹ್ವಾನಪತ್ರಿಕೆಯಲ್ಲಿ ಅವನ ಹೆಸರಿನ ಹಿಂದೆ ‘ಕಾಫಿನಾಡಿನ ಕುಸ್ತಿ ಭೀಷ್ಮ’ ಎಂದು ಯಾರೋ ಅಚ್ಚು ಹಾಕಿಸಿದ್ದರು. ಭೀಷ್ಮ ಕೊನೆಗೆ ಎಲ್ಲಿ ಮಲಗಿದ ಅನ್ನುವುದು ಆ ಪುಣ್ಯಾತ್ಮನಿಗೆ ನೆನಪಿದ್ದಂತೆ ಕಾಣಲಿಲ್ಲ. ಅದರ ಕೆಳಗೆ, ಮುಖ್ಯ ಅತಿಥಿ ಪ್ಲಾಂಟರ್ ರುದ್ರಪ್ಪಗೌಡರ ಹೆಸರಿಗೂ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಪ್ರದರ್ಶನ ಕುಸ್ತಿ: ಕಳಸದ ಬಾಲಕಿಯರಿಂದ. ತರಬೇತಿ: ಕು. ಭವ್ಯಾ. ಒಂದು ವಾರದಿಂದ ಅವನು ತನ್ನ ಹೆಸರಿಗಿಂತ ಹೆಚ್ಚು ಸಲ ಓದಿದ್ದು ಆ ಸಾಲನ್ನೇ.

ಮೂಡಿಗೆರೆ ಬಸ್‌ಸ್ಟ್ಯಾಂಡು ದಾಟಿ ಕಾಲೇಜಿಗೆ ಇಪ್ಪತ್ತು ನಿಮಿಷದ ನಡಿಗೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ಟೀ ಅಂಗಡಿಯ ಮುಂದೆ ನಿಂತವರ ಬಾಯಲ್ಲೆಲ್ಲ ಅದೇ ಮಾತು. ಜೀಪಿನ ಡ್ರೈವರ್ ಲಕ್ಕಯ್ಯ, ಅವನ ಹಳೆಯ ಶಿಷ್ಯ, ಒಂದು ಕಾಲದಲ್ಲಿ ಎಪ್ಪತ್ನಾಲ್ಕು ಕಿಲೋ ವಿಭಾಗದಲ್ಲಿ ಎಲ್ಲರ ಬೆನ್ನು ನೆಲಕ್ಕೆ ತಾಗಿಸಿದವನು, ಈಗ ಸ್ಟೇರಿಂಗಿಗೆ ಹೊಟ್ಟೆ ತಾಗಿಸಿಕೊಂಡು ಕೂತಿದ್ದವನು, ಗಾಡಿ ನಿಧಾನ ಮಾಡಿದ.

“ಹತ್ತಿ ಸರ್, ಬಿಟ್ಟು ಬರ್ತೀನಿ.”

“ನಡೀತೀನಿ ಮಾರಾಯ. ಕಾಲಿನ್ನೂ ರಿಟೈರ್ ಆಗಿಲ್ಲ.”

“ಲೈನಿನ ಜನಾನೆಲ್ಲ ಆಗಲೇ ತಂದು ಬಿಟ್ಟೆ ಸರ್, ಎರಡು ಟ್ರಿಪ್ಪು. ಇವತ್ತು ರಜ ಹಾಕಿ ಬಂದಿದ್ದಾರೆ, ನಿಮ್ಮ ಫಂಕ್ಷನ್ ಅಂತ. ಭವ್ಯನ ಅಪ್ಪ ಅಮ್ಮನೂ ಇದ್ರು.”

ದೇವೇಂದ್ರ ತಲೆಯಾಡಿಸಿ ಮುಂದೆ ನಡೆದ. ಲೈನು ಎಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆ. ಅವನು ಹುಟ್ಟಿದ್ದೂ ಅಂಥದೇ ಒಂದು ಲೈನಿನಲ್ಲಿ, ಆಲ್ದೂರಿನ ಆಚೆ, ಈ ರುದ್ರಪ್ಪಗೌಡರ ತಂದೆಯ ಎಸ್ಟೇಟಿನಲ್ಲಿ. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಬದಲಿಗೆ ಎದುರಿಗಿದ್ದವರ ಮುಖದ ಮೇಲೆ ಎಸೆಯುತ್ತಿದ್ದ. ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಬಂದ ಮೊದಲ ವರ್ಷ, ಇಲ್ಲಿ ವಾಲಿಬಾಲು ನಡೆಯುತ್ತೆ, ಶಟಲ್ ನಡೆಯುತ್ತೆ, ಕುಸ್ತಿ ಎಲ್ಲ ಬಯಲುಸೀಮೆಯವರದ್ದು ಎಂದು ಆಗಿನ ಪ್ರಿನ್ಸಿಪಾಲರು ನಕ್ಕಾಗ, ಲೈನಿನ ಹುಡುಗರ ಬೆನ್ನು ನೋಡಿದ್ದೀರಾ ಸಾರ್, ನಾಲ್ಕನೇ ಕ್ಲಾಸಿನಿಂದ ಮೂಟೆ ಹೊತ್ತ ಬೆನ್ನು, ಅದನ್ನು ನೆಲಕ್ಕೆ ತಾಗಿಸುವ ಗಂಡು ಯಾವ ಸೀಮೆಯಲ್ಲಿದ್ದಾನೋ ತೋರಿಸಿ ಎಂದು ಕೇಳಿದ್ದ. ಮ್ಯಾಟು ಕೊಡಲಿಲ್ಲ. ಗೋಣಿಚೀಲಗಳಿಗೆ ಕಾಫಿ ಸಿಪ್ಪೆ ತುಂಬಿ, ಹೊಲಿದು, ಮೇಲೆ ಟಾರ್ಪಾಲು ಬಿಗಿದು ತಾನೇ ಮ್ಯಾಟು ಮಾಡಿದ. ಮಳೆಗಾಲದಲ್ಲಿ ಆ ಸಿಪ್ಪೆ ಹುಳಿನಾತ ಹೊಡೆಯುತ್ತಿತ್ತು. ಅವನ ಹುಡುಗರು ಅದೇ ನಾತ ಹೊತ್ತುಕೊಂಡು ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೋದಾಗ ಬೇರೆ ಕಾಲೇಜಿನವರು ಮೂಗು ಮುಚ್ಚಿಕೊಂಡರು. ಮೂರನೇ ವರ್ಷ ಅದೇ ಮೂಗುಗಳನ್ನು ಅವನ ಹುಡುಗರು ಮ್ಯಾಟಿಗೆ ಒತ್ತಿ ಹಿಡಿದರು. ಅಲ್ಲಿಂದ ಹನ್ನೊಂದು ಸಲ ಟೀಮ್ ಚಾಂಪಿಯನ್. ಪೊಲೀಸು, ರೈಲ್ವೆ, ಫಾರೆಸ್ಟು ಎಂದು ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದರ ಪಟ್ಟಿ ಆಫೀಸಿನ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ನಿಂತಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಪ್ರಿನ್ಸಿಪಾಲರು ಒಬ್ಬರೂ ಇಲ್ಲ. ಯಾರಿಗೂ ಬಗ್ಗದೆ ಇಷ್ಟು ಮಾಡಿದೆ ಎಂದು ದೇವೇಂದ್ರ ರಸ್ತೆಯ ಏರಿನಲ್ಲಿ ಉಸಿರು ಎಳೆದುಕೊಳ್ಳುತ್ತಾ ಅಂದುಕೊಂಡ. ಹಾಗೆ ಅಂದುಕೊಂಡಾಗಲೆಲ್ಲ, ಐದು ವರ್ಷದಿಂದ, ಹಿಂದೆಯೇ ಓಂಕಾರಪ್ಪನ ಅಂಗಡಿ ಬಂದು ನಿಲ್ಲುತ್ತಿತ್ತು.

ಓಂಕಾರಪ್ಪ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕೊಳ್ಳುವ ವ್ಯಾಪಾರಿ. ಅವನ ಅಂಗಡಿಯ ಬಾಗಿಲಲ್ಲಿ ಮೂಟೆ ತೂಗುವ ಹಳೆಯ ಕಬ್ಬಿಣದ ತಕ್ಕಡಿಯಿದೆ. ಕೆಳಗೆ ಹಲಗೆ, ಮೇಲೆ ತೋಳು, ತೋಳಿನ ತುದಿಯಲ್ಲಿ ತೂಕದ ಬೊಟ್ಟು ನೇತುಹಾಕುವ ಕೊಕ್ಕೆ. ಕಾಲೇಜಿನ ತೂಕದ ಯಂತ್ರ ಆ ವರ್ಷ ಕೆಟ್ಟು ಕೂತಿತ್ತು. ರಿಪೇರಿಗೆ ಬರೆದ ಅರ್ಜಿ ಆಫೀಸಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಇವರ ಹಂಗೇ ಬೇಡ ಎಂದು ದೇವೇಂದ್ರ ತನ್ನ ಶಿಷ್ಯರನ್ನು ಪ್ರತಿ ಬೆಳಿಗ್ಗೆ ಓಡಿಸಿಕೊಂಡು ಹೋಗಿ ಓಂಕಾರಪ್ಪನ ತಕ್ಕಡಿಯ ಮೇಲೆ ಹತ್ತಿಸುತ್ತಿದ್ದ. ಬೇರೆಯವರಿಗೆಲ್ಲ ತಮ್ಮ ವಿಭಾಗದ ಮಿತಿಗಿಂತ ಒಂದೆರಡು ಕಿಲೋ ಕಡಿಮೆಯೇ ಇತ್ತು. ಭವ್ಯಾ ಮಾತ್ರ ಐವತ್ತಮೂರು ಕಿಲೋಗೆ ಇಳಿಯಬೇಕಿತ್ತು. ಬಣಕಲ್ ಕಡೆಯ ಎಸ್ಟೇಟಿನ ಲೈನಿನವಳು, ಎರಡನೇ ಬಿ.ಎ., ಮಾತು ಕಡಿಮೆ, ಹಿಡಿತ ಬಿಗಿ. ಇಪ್ಪತ್ತೆಂಟು ವರ್ಷದಲ್ಲಿ ಅವನು ಕಂಡವರಲ್ಲೆಲ್ಲ ಅವಳೇ ಮೇಲು. ಅದನ್ನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಅವಳು ಬಿಸಿಲಿನಲ್ಲಿ ಕಂಬಳಿ ಹೊದ್ದು ಓಡಿದಳು, ಎರಡು ದಿನ ಅನ್ನ ಬಿಟ್ಟಳು, ಒಂದು ದಿನ ನೀರನ್ನೂ ಬಿಟ್ಟಳು. ಹೊರಡುವ ದಿನ ತಕ್ಕಡಿಯ ತೋಳು ಸರಿಯಾಗಿ ಐವತ್ತಮೂರರಲ್ಲಿ ನಿಂತಿತು. ಶಿವಮೊಗ್ಗದ ಪಂದ್ಯದಲ್ಲಿ ಬೆಳಿಗ್ಗೆ ಏಳಕ್ಕೆ ತೂಕ. ಅಲ್ಲಿಯ ಯಂತ್ರದಲ್ಲಿ ಕೆಂಪು ಅಂಕಿ ಬಂತು, ಐವತ್ತಮೂರು ಕಿಲೋ ಒಂಬೈನೂರು ಗ್ರಾಂ. ಇಳಿದಳು, ಹತ್ತಿದಳು, ಮತ್ತೆ ಒಂಬೈನೂರು. ತೂಕದವರು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಮುಂದಿನವರನ್ನು ಕರೆದರು. ಎಂಟು ಕಾಲೇಜಿನ ಕೋಚ್‌ಗಳು ನೋಡುತ್ತಿದ್ದರು, ಅವರಲ್ಲಿ ಹಿಂದೆ ಮೂಗು ಮುಚ್ಚಿಕೊಂಡಿದ್ದವರೂ ಇದ್ದರು.

ರಾತ್ರಿ ತಿಂದಿದ್ದೀಯ, ಎಂದ ದೇವೇಂದ್ರ. ಇಲ್ಲ ಸರ್, ಎಂದಳು. ತಕ್ಕಡಿ ಸುಳ್ಳು ಹೇಳುತ್ತಾ, ಎಂದ. ಅವಳು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಮತ್ತೆ ಇಲ್ಲ ಸರ್ ಎಂದಳು. ಆಗ ಇನ್ನೊಂದು ಮಾತು ಅವನ ಬಾಯಿಂದ ಬಂತು. ಅದನ್ನು ಅವನು ಹುಡುಕಲಿಲ್ಲ, ಯೋಚಿಸಲಿಲ್ಲ. ಐವತ್ತು ವರ್ಷದ ಹತ್ತಿರ ಹಲ್ಲಿನ ಸಂದಿಯಲ್ಲಿ ಕೂತಿದ್ದುದು ತಾನಾಗಿ ಹೊರಗೆ ಬಂತು. “ಎಷ್ಟಂದ್ರೂ ಲೈನ್ ಮನೆ ಹೊಟ್ಟೆ. ಅನ್ನ ಕಂಡ್ರೆ ಬಿಡುತ್ತಾ.” ಸುತ್ತ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಆ ಮಾತು ಅವನದಲ್ಲ. ಗೌಡರ ಮನೆಯ ಮದುವೆ, ಹಿತ್ತಿಲಿನಲ್ಲಿ ಲೈನಿನವರಿಗೆ ಕೊನೆಯ ಪಂಕ್ತಿ, ಎಂಟು ವರ್ಷದ ದೇವೇಂದ್ರ ಮೂರನೇ ಹೋಳಿಗೆಗೆ ಕೈ ಚಾಚಿದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಎಲ್ಲರಿಗೂ ಕೇಳುವ ಹಾಗೆ ಅಂದ ಮಾತು. ರೈಟರ್ ನಕ್ಕ, ಬಡಿಸುವವರು ನಕ್ಕರು. ಅಪ್ಪ ಬೊಮ್ಮಯ್ಯನೂ ಪಕ್ಕದಲ್ಲಿ ಕೂತು, ಹೌದೌದು ಅನ್ನುವ ಹಾಗೆ, ನಕ್ಕ. ಅಪ್ಪ ನಕ್ಕಿದ್ದನ್ನು ಅವನು ಈವತ್ತಿಗೂ ಕ್ಷಮಿಸಿಲ್ಲ. ಶಿವಮೊಗ್ಗದಲ್ಲಿ ಭವ್ಯಾ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದುಹೋದಳು.

ಒಂದು ವಾರದ ಮೇಲೆ ಅವನು ಓಂಕಾರಪ್ಪನ ಅಂಗಡಿಗೆ ಹೋದ. ಯಾವುದೋ ಬೆಳೆಗಾರರ ಪಾರ್ಚ್‌ಮೆಂಟ್ ಮೂಟೆ ಹಲಗೆಯ ಮೇಲಿತ್ತು. ತೋಳಿನ ತುದಿಯ ಕೊಕ್ಕೆಯಲ್ಲಿ, ಬೊಟ್ಟಿನ ಹಿಂದೆ, ತಂತಿಯಿಂದ ಬಿಗಿದ ಒಂದು ತುಕ್ಕು ಹಿಡಿದ ನಟ್ಟು ಕಂಡಿತು. ಇದೆಂತದು ಎಂದು ಕೇಳಿದ.

“ಚೀಲದ ತೂಕ ಸರ್,” ಎಂದ ಓಂಕಾರಪ್ಪ, ಕಾಫಿ ಲೋಟ ಮುಂದೆ ಸರಿಸುತ್ತಾ. “ಗೋಣಿದು ಹತ್ತಿರ ಹತ್ತಿರ ಒಂದು ಕಿಲೋ ಬರುತ್ತಲ್ಲ. ಪ್ರತಿ ಸಲ ಕಳೀತಾ ಕೂರೋದ್ಯಾಕೆ ಅಂತ ಮೊದ್ಲೇ ಕಟ್ಟಿಟ್ಟಿರ್ತೀವಿ. ನಿಮಗೆ ಗೊತ್ತಿಲ್ದೇ ಇರುತ್ತಾ.”

ಗೊತ್ತಿಲ್ಲದೆ ಇರುತ್ತದೆಯೇ. ಅಮ್ಮ ಭಾಗಮ್ಮ ದಿನವಿಡೀ ಕೊಯ್ದ ಹಣ್ಣನ್ನು ಸಂಜೆ ಕಣದಲ್ಲಿ ತೂಗಿಸುವಾಗ ಬುಟ್ಟಿಯದು ಇಷ್ಟು, ನೀರಿನದು ಇಷ್ಟು ಎಂದು ರೈಟರ್ ಮುರಿಯುವುದನ್ನು ನೋಡುತ್ತಲೇ ಬೆಳೆದವನು ಅವನು. ಈ ಸೀಮೆಯಲ್ಲಿ ಯಾವ ತಕ್ಕಡಿಯೂ ಸುಮ್ಮನೆ ತೂಗುವುದಿಲ್ಲ, ಮೊದಲು ಏನನ್ನಾದರೂ ಕಳೆದುಕೊಂಡೇ ತೂಗುತ್ತದೆ ಎಂದು ತಿಳಿದವನು. ಭವ್ಯಾ ಆ ಹಲಗೆಯ ಮೇಲೆ ನಿಂತಾಗಲೆಲ್ಲ, ಇಲ್ಲದ ಒಂದು ಚೀಲದ ತೂಕ ಅವಳ ಮೈಯಿಂದ ಕಳೆದುಹೋಗಿತ್ತು. ಅವಳು ತಿಂದಿರಲಿಲ್ಲ. ದೇವೇಂದ್ರ ಕಾಫಿ ಕುಡಿದು ಮುಗಿಸಿದ, ಚೆನ್ನಾಗಿದೆ ಎಂದ, ಮನೆಗೆ ಬಂದ. ಅವಳು ಆಗಲೇ ಕಾಲೇಜು ಬಿಟ್ಟಿದ್ದಳು. ಒಂದು ಭಾನುವಾರ ಜೀಪು ಹತ್ತಿ ಅವಳ ಎಸ್ಟೇಟಿನ ಗೇಟಿನ ತನಕ ಹೋದ. ಯಾರು ಬೇಕಿತ್ತು ಎಂದು ಅಲ್ಲಿಯ ಮೇಸ್ತ್ರಿ ಕೇಳಿದಾಗ, ಹನ್ನೊಂದು ಸಲ ಚಾಂಪಿಯನ್ ಟೀಮ್ ಕಟ್ಟಿದ ಮನುಷ್ಯನ ಬಾಯಿಂದ ಬಂದಿದ್ದು ದಾರಿ ತಪ್ಪಿತು ಎಂಬ ಮಾತು. ಸಾವಿರ ಮಕ್ಕಳಿಗೆ ಬೈದಿದ್ದೇನೆ, ಬೈದದ್ದಕ್ಕೇ ಗೆದ್ದಿದ್ದಾರೆ, ಒಬ್ಬಳಿಗೆ ತಡೆಯಲಿಲ್ಲವಾದರೆ ಅದು ಅವಳ ಹಣೆಬರಹ ಎಂದು ವಾಪಸು ಬರುವ ದಾರಿಯುದ್ದಕ್ಕೂ ವಾದ ಹೂಡಿದ. ವಾದದಲ್ಲಿ ಗೆದ್ದ. ಆದರೂ ಆಮೇಲೆ ತನ್ನ ಯಾವ ಶಿಷ್ಯನಿಗೂ ತೂಕದ ಬಗ್ಗೆ ಗಟ್ಟಿಯಾಗಿ ಮಾತಾಡಲು ಅವನಿಂದ ಆಗಲಿಲ್ಲ.

ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಪ್ಲಾಂಟರುಗಳು, ಲೆಕ್ಚರರುಗಳು. ನಡುವೆ ವಿದ್ಯಾರ್ಥಿಗಳು. ಎಲ್ಲರಿಗಿಂತ ಹಿಂದೆ, ಶಾಮಿಯಾನದ ನೆರಳು ಮುಗಿಯುವಲ್ಲಿ, ಲಕ್ಕಯ್ಯ ತಂದು ಬಿಟ್ಟ ಲೈನಿನ ಜನ. ಯಾರೂ ಅವರಿಗೆ ಅಲ್ಲಿ ಕೂರಿ ಎಂದಿರಲಿಕ್ಕಿಲ್ಲ. ವೇದಿಕೆಯ ಪಕ್ಕದಲ್ಲಿ ಹಾಸಿದ ಮ್ಯಾಟಿನ ಅಂಚಿನಲ್ಲಿ ಭವ್ಯಾ ಇದ್ದಳು. ಸ್ವಲ್ಪ ತುಂಬಿಕೊಂಡಿದ್ದಳು, ಕೂದಲು ಕತ್ತರಿಸಿದ್ದಳು. ಇಬ್ಬರು ಹುಡುಗಿಯರಿಗೆ ಕೈಕಾಲು ಬಿಸಿ ಮಾಡಿಸುತ್ತಿದ್ದಳು. ಕುಸ್ತಿ ಬಿಟ್ಟಳು ಎಂದುಕೊಂಡಿದ್ದವಳು ಬಿಟ್ಟಿರಲಿಲ್ಲ. ಅವನನ್ನು ಬಿಟ್ಟಿದ್ದಳು, ಅಷ್ಟೆ. ಉಳಿದ ಓದನ್ನು ಬೇರೆ ಊರಿನಲ್ಲಿ ಮುಗಿಸಿ, ಕಳಸದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ, ಅವನ ನೆರಳಿಲ್ಲದೆ ಮ್ಯಾಟು ಹಾಸಿಕೊಂಡಿದ್ದಳು. ದೇವೇಂದ್ರನಿಗೆ ಒಳಗೊಳಗೇ ಸಂತೋಷವಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು, ಕಾಲಿಗೆ ಬೀಳಲು ಬರಲಿಲ್ಲವಲ್ಲ ಎಂದು.

“ನಮಸ್ಕಾರ ಸರ್,” ಎಂದಳು, ನಿಂತಲ್ಲಿಂದಲೇ.

“ಯಾವಾಗ ಬಂದೆ?”

“ಬೆಳಿಗ್ಗೆ ಬಸ್ಸಿಗೆ.”

“ಮಕ್ಕಳ ತೂಕ ಎಷ್ಟು?” ಅಭ್ಯಾಸಬಲದಿಂದ ಬಂದುಬಿಟ್ಟಿತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ತೂಕ ನೋಡಿಲ್ಲ ಸರ್. ಇವತ್ತು ಪ್ರದರ್ಶನ ಅಲ್ವಾ,” ಎಂದಳು ಭವ್ಯಾ. “ಇಬ್ರಿಗೂ ಹೊಟ್ಟೆ ತುಂಬ ಕಡುಬು ತಿನ್ನಿಸ್ಕೊಂಡೇ ಬಂದಿದ್ದೀನಿ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ತಿರುಗಿ ಒಂದು ಮಾತು ಅನ್ನಬಹುದಿತ್ತು. ವೇದಿಕೆಯ ಮೆಟ್ಟಿಲು ಹತ್ತುವಾಗ ಅವನು ನಿರ್ಧಾರ ಮಾಡಿದ, ಈವತ್ತು ಹೇಳಿಬಿಡುತ್ತೇನೆ. ಯಾರಿಗೆ ಹೆದರಬೇಕು. ಹೇಳಿ, ಇವರ ಶಾಲು ಇವರಿಗೇ ಕೊಟ್ಟು ಇಳಿಯುತ್ತೇನೆ.

ಪ್ರೇಮಕುಮಾರಿ ಮೇಡಂ ಟ್ರ್ಯಾಕ್ ಪ್ಯಾಂಟನ್ನು ನೋಡಿ ಕಣ್ಣು ಮುಚ್ಚಿ ತೆರೆದರು. ರುದ್ರಪ್ಪಗೌಡರು ಇಪ್ಪತ್ತು ನಿಮಿಷ ಮಾತಾಡಿದರು. ದೇವೇಂದ್ರ ನಮ್ಮ ಎಸ್ಟೇಟಿನ ಹುಡುಗ ಎಂದರು, ನಮ್ಮ ತಂದೆಯವರ ಅನ್ನ ಉಂಡು ಬೆಳೆದವನು ಎಂದರು, ಪ್ರೀತಿಯಿಂದಲೇ ಎಂದರು. ಅರವತ್ತರ ದೇವೇಂದ್ರ ಹುಡುಗನಾಗಿ ಕುರ್ಚಿಯ ಮೇಲೆ ಕೂತಿದ್ದ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಮೈಕು ಕೈಗೆ ಬಂದಾಗ ಅವನು ಧನ್ಯವಾದ ಹೇಳಲಿಲ್ಲ, ನೇರವಾಗಿ ಓಂಕಾರಪ್ಪನ ತಕ್ಕಡಿಗೇ ಹೋದ. ನಟ್ಟಿನ ವಿಷಯ ಹೇಳಿದ. ಶಿವಮೊಗ್ಗದಲ್ಲಿ ಒಬ್ಬಳ ಹೆಸರಿಗೆ ಗೆರೆ ಬಿದ್ದದ್ದು ಅವಳ ತಪ್ಪಿನಿಂದಲ್ಲ, ತನ್ನ ತಪ್ಪಿನಿಂದ ಎಂದ. ಅವಳು ಇಲ್ಲೇ ಇದ್ದಾಳೆ, ಭವ್ಯಾ, ನನ್ನಿಂದ ತಪ್ಪಾಯಿತು ಎಂದ. ಆಮೇಲೆ ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಶಾಮಿಯಾನ ತುಂಬ ಹರಡಿತು. ಪ್ರೇಮಕುಮಾರಿ ಮೇಡಂ ಕರವಸ್ತ್ರ ತೆಗೆದರು. ಎಷ್ಟು ದೊಡ್ಡ ಮನಸ್ಸು ಎಂದು ಗೌಡರು ಪಕ್ಕದವರಿಗೆ ಹೇಳಿದ್ದು ಮೈಕಿನಲ್ಲೂ ಕೇಳಿತು. ಐದು ವರ್ಷ ಎದೆಯ ಮೇಲೆ ಕೂತಿದ್ದದ್ದು ಐದು ನಿಮಿಷದಲ್ಲಿ ಎದ್ದು ಹೋಗಿತ್ತು. ತಪ್ಪೊಪ್ಪಿಗೆಗೂ ಹಾರ ಹಾಕಿಬಿಟ್ಟರಲ್ಲ ಎಂದು ಒಳಗೆ ಎಲ್ಲೋ ಅಸಹ್ಯವೂ ಆಯಿತು. ಅವನು ಆ ಅಸಹ್ಯವನ್ನು ಪಕ್ಕಕ್ಕೆ ತಳ್ಳಿ ಕುರ್ಚಿಯ ಕಡೆಗೆ ತಿರುಗಿದ.

“ಸರ್.”

ಮ್ಯಾಟಿನ ಅಂಚಿನಲ್ಲಿ ಭವ್ಯಾ ನಿಂತಿದ್ದಳು. ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಕಾದಳು.

“ತಕ್ಕಡಿ ವಿಷಯ ಆಯ್ತು ಸರ್. ತಕ್ಕಡಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅವತ್ತು ನೀವು ನನಗೆ ಒಂದು ಮಾತಂದ್ರಿ. ಅದನ್ನೂ ಹೇಳ್ಬಿಡಿ.”

ರುದ್ರಪ್ಪಗೌಡರು ಕೂತಲ್ಲಿಂದಲೇ ಕೈಯೆತ್ತಿದರು. “ಕೂತ್ಕೊಳಮ್ಮ. ಗುರುಗಳಾದೋರು ಕೋಪದಲ್ಲಿ ಏನೋ ಒಂದು ಅಂದಿರ್ತಾರೆ. ಇಂಥ ದಿನ ಎಂತಕ್ಕೆ ಅದೆಲ್ಲ. ದೇವೇಂದ್ರ, ನೀನು ಬಾ, ಕೂತ್ಕೋ.”

ಭವ್ಯಾ ಕೂರಲಿಲ್ಲ. ದೇವೇಂದ್ರನೂ ಕೂರಲಿಲ್ಲ. ಇಷ್ಟು ವರ್ಷ ಪ್ರಿನ್ಸಿಪಾಲರುಗಳಿಗೆ, ಆಫೀಸಿನವರಿಗೆ, ಮ್ಯಾಟು ಕೊಡದವರಿಗೆ, ಮೂಗು ಮುಚ್ಚಿದವರಿಗೆ ಅವನು ಎದುರು ನಿಂತಿದ್ದ. ಅದೆಲ್ಲ ಸಣ್ಣದಿತ್ತು, ಅದಕ್ಕೇ ನಿಲ್ಲಲು ಆಗಿತ್ತು. ಈ ಮನೆಯವರ ಎದುರು ಮಾತ್ರ, ಹಿತ್ತಿಲಿನ ಆ ಪಂಕ್ತಿಯಿಂದ ಹಿಡಿದು ಈ ಗಳಿಗೆಯವರೆಗೆ, ಅವನ ಬಾಗದ ಕತ್ತು ಬೇಡ ಎಂದು ಒಂದು ಸಲವೂ ಅಡ್ಡಡ್ಡ ಆಡಿರಲಿಲ್ಲ. ಅವರು ಬಡಿಸಿದ ಹೋಳಿಗೆ, ಕೆಲಸಕ್ಕೆಂದು ಅವರು ಬರೆದುಕೊಟ್ಟ ಶಿಫಾರಸು, ಅವರು ಹೊದಿಸಿದ ಶಾಲು ಎಲ್ಲವನ್ನೂ ತೆಗೆದುಕೊಂಡಿದ್ದ. ಅವರ ರೈಟರನ ಮಾತನ್ನೂ ತೆಗೆದುಕೊಂಡಿದ್ದ, ತೆಗೆದುಕೊಂಡು ಜೋಪಾನ ಮಾಡಿಟ್ಟು ಒಂದು ಹಸಿದ ಹುಡುಗಿಯ ಮುಖಕ್ಕೆ ಎಸೆದಿದ್ದ.

“ಗೌಡ್ರೇ, ಅವಳು ಕೇಳಿದ್ದು ನನ್ನನ್ನ,” ಎಂದ. “ನೀವು ಸುಮ್ಮನಿರಿ.”

ಗೌಡರ ಎತ್ತಿದ ಕೈ ಅಲ್ಲೇ ನಿಂತಿತು. ದೇವೇಂದ್ರ ಮೈಕನ್ನು ಬಾಯಿಯ ಹತ್ತಿರ ತಂದ. ಹೇಳುವುದಕ್ಕೆ ಮೊದಲು ಒಂದು ಸಣ್ಣ ವಿವರಣೆ ಕೊಡೋಣ ಎನಿಸಿತು, ನಾನೂ ಲೈನಿನವನೇ, ನನಗೂ ಒಬ್ಬರು ಹೀಗೇ ಅಂದಿದ್ದರು, ಎಂದು. ಭವ್ಯಾ ನೋಡುತ್ತಿದ್ದಳು. ವಿವರಣೆ ಬಿಟ್ಟ. ಶಿವಮೊಗ್ಗದಲ್ಲಿ ಅಂದಿದ್ದನ್ನು, ಒಂದು ಶಬ್ದವನ್ನೂ ಮೆತ್ತಗೆ ಮಾಡದೆ, ಹೇಳಿದ. ಬಹಳ ಸಣ್ಣ ದನಿಯಲ್ಲಿ ಬಂತು. ಮುಂದಿನ ಎರಡು ಸಾಲು ತಲೆ ತಗ್ಗಿಸಿತು. ಯಾರೋ ಕೆಮ್ಮಿದರು. ಈ ಸಲ ಚಪ್ಪಾಳೆ ಬರಲಿಲ್ಲ. ಪ್ರೇಮಕುಮಾರಿ ಮೇಡಂ ಎದ್ದು ಬಂದು, ಸಾಕು ಸರ್ ಎಂದು ಮೆಲ್ಲಗೆ ಹೇಳಿ ಮೈಕಿಗೆ ಕೈ ಚಾಚಿದರು.

ಭವ್ಯಾ ತಿರುಗಿ ಶಾಮಿಯಾನದ ಕೊನೆಯತ್ತ ನೋಡಿದಳು. ಅಲ್ಲಿ ಅವಳ ಅಪ್ಪ ಏನಂದ್ರಂತೆ ಎಂದು ಪಕ್ಕದವನನ್ನು ಕೇಳುತ್ತಿದ್ದ. ಅವಳು ಮತ್ತೆ ವೇದಿಕೆಗೆ ಮುಖ ಮಾಡಿದಳು.

“ಹಿಂದೆ ಕೂತೋರಿಗೆ ಕೇಳಿಸಿಲ್ಲ ಸರ್,” ಎಂದಳು. “ಇನ್ನೊಂದ್ಸಲ.”

ದೇವೇಂದ್ರ ಮೈಕನ್ನು ಮೇಡಂ ಕೈಗೆ ಕೊಟ್ಟ. ಮೆಟ್ಟಿಲಿಳಿದು, ಬಟ್ಟೆ ಹೊದಿಸಿದ ಕುರ್ಚಿಗಳನ್ನೂ ವಿದ್ಯಾರ್ಥಿಗಳನ್ನೂ ದಾಟಿ, ನೆರಳು ಮುಗಿಯುವಲ್ಲಿಗೆ ನಡೆದುಹೋದ. ಅಲ್ಲಿ ಕೂತವರ ಮುಂದೆ ನಿಂತು, ಗಂಟಲು ಬಿಚ್ಚಿ, ಅದೇ ಮಾತನ್ನು ಮತ್ತೆ ಹೇಳಿದ.